ಔಷಧ ಕೊಡುವವರ ಔಷಧಶಾಸ್ತ್ರ

(ವಾರ್ಡ್ ಪೋಸ್ಟಿಂಗ್ ಆರಂಭವಾಗುವ ಮುನ್ನ ನರ್ಸಿಂಗ್ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಲೆಕ್ಕದಿಂದ ಶುರು ಮಾಡೋಣ. ಹತ್ತು ಕಿಲೋ ತೂಕದ ಮಗುವಿಗೆ ಜ್ವರ. ವೈದ್ಯರು ಪ್ಯಾರಾಸಿಟಮಾಲ್ 150 ಮಿಲಿಗ್ರಾಂ ಬರೆದಿದ್ದಾರೆ, ಅಂದರೆ ಕಿಲೋಗೆ 15 ಮಿಲಿಗ್ರಾಂನಂತೆ. ಎಷ್ಟು ಎಂ.ಎಲ್. ಸಿರಪ್ ಕುಡಿಸುತ್ತೀರಿ? ಹಿಂದಿನ ಸಾಲಿನಿಂದ ‘ಐದು’ ಎಂಬ ಉತ್ತರ ಬಂತು, ಮುಂದಿನಿಂದ ‘ಆರು’ ಎಂದು ಬಂತು. ಬಾಟಲಿ ಯಾವುದು ಎಂದು ಒಬ್ಬರೂ ಕೇಳಲಿಲ್ಲ. 5 ಎಂ.ಎಲ್.ನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಎಂ.ಎಲ್. ಸರಿ. 5 ಎಂ.ಎಲ್.ನಲ್ಲಿ 250 ಮಿಲಿಗ್ರಾಂ ಇರುವುದೂ ಅದೇ ಅಂಗಡಿಯಲ್ಲಿ ಸಿಗುತ್ತದೆ. ಅದಾದರೆ 3 ಎಂ.ಎಲ್. ಸಾಕು. ಹಸುಗೂಸುಗಳಿಗೆಂದು ಮಾಡಿದ ಡ್ರಾಪ್ಸ್‌ನಲ್ಲಿ 1 ಎಂ.ಎಲ್.ಗೇ 100 ಮಿಲಿಗ್ರಾಂ ಇರುತ್ತದೆ. ಅದಾದರೆ ಒಂದೂವರೆ ಎಂ.ಎಲ್. ಮಾತ್ರ. ಡ್ರಾಪ್ಸ್ ಬಾಟಲಿಯಿಂದ ಯಾರಾದರೂ ‘ಒಂದು ಚಮಚ’ ಎಂದು 5 ಎಂ.ಎಲ್. ಕುಡಿಸಿದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಯಿತು. ದಿನಕ್ಕೆ ನಾಲ್ಕು ಬಾರಿ ಹಾಗೆ ಕುಡಿಸಿದರೆ 2,000 ಮಿಲಿಗ್ರಾಂ. ಹತ್ತು ಕಿಲೋ ಮಗುವಿನ ಯಕೃತ್ತು ಅದನ್ನು ತಾಳುವುದಿಲ್ಲ.

ಚಿಕ್ಕ ಬಾಟಲಿಯಲ್ಲಿರುವ ಔಷಧ ಸೌಮ್ಯವಾದದ್ದು ಎಂದು ತಾಯಂದಿರು ತಿಳಿಯುತ್ತಾರೆ. ಸಹಜ. ನೀವು ಹಾಗೆ ತಿಳಿಯುವಂತಿಲ್ಲ. ಮಿಲಿಗ್ರಾಂ ಎಂದರೆ ಔಷಧ, ಎಂ.ಎಲ್. ಎಂದರೆ ಅದು ಕರಗಿರುವ ನೀರು. ಎರಡರ ನಡುವಿನ ಲೆಕ್ಕ ಲೇಬಲ್ ಮೇಲೆ ಸಣ್ಣ ಅಕ್ಷರಗಳಲ್ಲಿರುತ್ತದೆ, ಅದನ್ನು ಓದುವುದು ನಿಮ್ಮ ಕೆಲಸ. ಡಿಸ್‌ಚಾರ್ಜ್ ಆಗುವ ತಾಯಿಗೆ ‘ಒಂದು ಚಮಚ ಕುಡಿಸಮ್ಮ’ ಎಂದು ಮಾತ್ರ ಹೇಳಬೇಡಿ. ಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆಯವು. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆ ಎಳೆದು ‘ಇಲ್ಲಿಯವರೆಗೆ’ ಎಂದು ತೋರಿಸಿ.

ಔಷಧಶಾಸ್ತ್ರದ ಪುಸ್ತಕ ತೆರೆದರೆ ಪ್ರತಿ ಔಷಧದ ಕೆಳಗೂ ಅಡ್ಡಪರಿಣಾಮಗಳ ಪಟ್ಟಿ. ವಾಕರಿಕೆ, ವಾಂತಿ, ತಲೆನೋವು, ತಲೆಸುತ್ತು. ಪರೀಕ್ಷೆಯಲ್ಲಿ ಏನೂ ತೋಚದಿದ್ದಾಗ ಈ ನಾಲ್ಕನ್ನು ಬರೆದು ಪಾಸಾದವರು ಬಹಳ ಮಂದಿ. ಆ ಪಟ್ಟಿಯ ಮೇಲೆ ನನಗೆ ಅಷ್ಟು ಪ್ರೀತಿಯಿಲ್ಲ. ವಾರ್ಡಿನಲ್ಲಿ ನಿಂತ ನರ್ಸ್‌ಗೆ ಬೇಕಾದದ್ದು ಬೇರೆ: ಈ ಔಷಧ ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಅದರ ಪ್ರಭಾವ ಏರುತ್ತದೆ, ದೇಹದಿಂದ ಹೇಗೆ ಹೊರಬೀಳುತ್ತದೆ, ಹೆಚ್ಚಾದರೆ ಮೊದಲು ಎಲ್ಲಿ ಕಾಣಿಸಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದರೆ ಯಾವ ಹೊತ್ತಿನಲ್ಲಿ ರೋಗಿಯ ಹಾಸಿಗೆಯ ಬಳಿ ಹೋಗಿ ಏನನ್ನು ನೋಡಬೇಕು ಎಂಬುದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ನರ್ಸಿಂಗ್ ಔಷಧಶಾಸ್ತ್ರವೆಂದರೆ ಅದೇ.

ಎದೆನೋವು ಬಂದವರಿಗೆ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನೇ ನೋಡಿ. ಅದನ್ನು ನುಂಗಿದರೆ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದರ ಬಹುಪಾಲನ್ನು ಅಲ್ಲೇ ಒಡೆದುಹಾಕಿ, ಉಳಿದ ಚೂರನ್ನು ಹೃದಯಕ್ಕೆ ಬಿಡುತ್ತದೆ. ನಾಲಿಗೆಯ ಕೆಳಗಿನ ರಕ್ತನಾಳಗಳು ಈ ಸುಂಕದಕಟ್ಟೆಯನ್ನು ತಪ್ಪಿಸಿಕೊಂಡು ಹೋಗುತ್ತವೆ. ಇದೇ ಕಾರಣಕ್ಕೆ ಮಾರ್ಫಿನ್ ಬಾಯಿಯಿಂದ 30 ಮಿಲಿಗ್ರಾಂ ಕೊಡುವ ಕಡೆ ರಕ್ತನಾಳಕ್ಕೆ ಸುಮಾರು 10 ಮಿಲಿಗ್ರಾಂ ಸಾಕು. ಮಾರ್ಗ ಬದಲಾದರೆ ಡೋಸ್ ಬದಲಾಗುತ್ತದೆ. ‘ಬಾಯಿಗೆ ಆಗುತ್ತಿಲ್ಲ, ಅದೇ ಡೋಸನ್ನು ಐವಿ ಕೊಡೋಣ’ ಎಂಬ ತೀರ್ಮಾನ ನಿಮ್ಮದಾಗಬಾರದು. ಸಾರ್ಬಿಟ್ರೇಟ್ ಕೊಡುವ ಮುನ್ನ ರೋಗಿಯನ್ನು ಕೂರಿಸಿ ಬಿ.ಪಿ. ನೋಡಿ, ಏಕೆಂದರೆ ಅದು ರಕ್ತನಾಳಗಳನ್ನು ಹಿಗ್ಗಿಸಿ ಒತ್ತಡವನ್ನು ಇಳಿಸುತ್ತದೆ. ಗಂಡಸರು ಲೈಂಗಿಕ ಶಕ್ತಿಗೆಂದು ನುಂಗುವ ಸಿಲ್ಡೆನಾಫಿಲ್ ಮಾತ್ರೆ ತೆಗೆದುಕೊಂಡಿದ್ದಾರೆಯೇ ಎಂದೂ ಕೇಳಬೇಕು. ಎರಡೂ ಸೇರಿದರೆ ಒತ್ತಡ ಕುಸಿದುಬೀಳುತ್ತದೆ. ಹೆಂಡತಿ, ಸೊಸೆ ಸುತ್ತ ನಿಂತಿರುವಾಗ ಯಾವ ಗಂಡಸೂ ಅದಕ್ಕೆ ನಿಜ ಹೇಳುವುದಿಲ್ಲ. ಮನೆಯವರನ್ನು ಒಂದು ನಿಮಿಷ ಆಚೆ ಕಳಿಸಿ ಕೇಳಿ.

ಹೀರಿಕೆಯ ಮಾತು ಬಂತು, ಕಾಫಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮಲ್ಲಿ ಕಣ್ಣು ಬಿಟ್ಟ ಕೂಡಲೇ ಕಾಫಿ ಬೇಕು, ಮಾತ್ರೆಯನ್ನೂ ಅದರಲ್ಲೇ ನುಂಗುವವರಿದ್ದಾರೆ. ಥೈರಾಯ್ಡ್‌ಗೆ ಕೊಡುವ ಥೈರಾಕ್ಸಿನ್ ಕಾಫಿಯ ಜೊತೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಗರ್ಭಿಣಿಯರ ಕಬ್ಬಿಣದ ಮಾತ್ರೆಯದೂ ಇದೇ ಕಥೆ. ಚಹಾ, ಕಾಫಿ, ಕ್ಯಾಲ್ಸಿಯಂ ಮಾತ್ರೆ ಇವು ಮೂರೂ ಅದನ್ನು ಕರುಳಿನಲ್ಲೇ ತಡೆಯುತ್ತವೆ. ‘ಮೂರು ತಿಂಗಳಿಂದ ಮಾತ್ರೆ ತಿನ್ನುತ್ತಿದ್ದೇನೆ ಸಿಸ್ಟರ್, ರಕ್ತ ಏರುತ್ತಲೇ ಇಲ್ಲ’ ಎಂದು ಬಂದವಳನ್ನು ಗದರುವ ಮುನ್ನ, ಯಾವುದರ ಜೊತೆ ತಿನ್ನುತ್ತಿದ್ದೀಯಮ್ಮ ಎಂದು ಕೇಳಿ.

ಇನ್ನು ಅರ್ಧಾಯುಷ್ಯ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ. ಪ್ಯಾರಾಸಿಟಮಾಲ್‌ಗೆ ಎರಡು ಮೂರು ಗಂಟೆ. ಹೃದಯಕ್ಕೆ ಕೊಡುವ ಡಿಜಾಕ್ಸಿನ್‌ಗೆ, ಮೂತ್ರಪಿಂಡ ಚೆನ್ನಾಗಿದ್ದಾಗಲೂ, 36ರಿಂದ 48 ಗಂಟೆ. ಪೂರ್ತಿ ಹೊರಹೋಗಲು ಸುಮಾರು ಐದು ಅರ್ಧಾಯುಷ್ಯ ಬೇಕು. ಲೆಕ್ಕ ಹಾಕಿ: ಡಿಜಾಕ್ಸಿನ್ ಹೆಚ್ಚಾದರೆ ಅದು ಒಂದು ವಾರದಿಂದ ಹತ್ತು ದಿನ ದೇಹದಲ್ಲೇ ಇರುತ್ತದೆ, ಮೂತ್ರಪಿಂಡ ಸೋತ ಮುದುಕರಲ್ಲಿ ಇನ್ನೂ ಹೆಚ್ಚು. ಆದ್ದರಿಂದಲೇ ಅದನ್ನು ಕೊಡುವ ಮುನ್ನ ಸ್ಟೆತಾಸ್ಕೋಪನ್ನು ಹೃದಯದ ಮೇಲಿಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ನಡೆಯುವುದಿಲ್ಲ. ಬಡಿತ ತಾಳ ತಪ್ಪಿದ್ದರೆ ಗುಣಾಕಾರವೂ ತಪ್ಪುತ್ತದೆ. ವಯಸ್ಕರಲ್ಲಿ 60ಕ್ಕಿಂತ ಕಡಿಮೆಯಿದ್ದರೆ ಕೊಡಬೇಡಿ, ವೈದ್ಯರಿಗೆ ತಿಳಿಸಿ. ‘ಊಟ ಸೇರುತ್ತಿಲ್ಲ, ಎಲ್ಲಾ ಹಳದಿ ಹಳದಿಯಾಗಿ ಕಾಣುತ್ತದೆ’ ಎಂದು ಅಜ್ಜ ಹೇಳಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡಬೇಡಿ, ಡಿಜಾಕ್ಸಿನ್ ಹೆಚ್ಚಾದಾಗಲೂ ಹೀಗಾಗುತ್ತದೆ.

ಸರಿಯಾದ ರೋಗಿ, ಔಷಧ, ಡೋಸ್, ಮಾರ್ಗ, ಸಮಯ. ಈ ಐದನ್ನು ನಿಮಗೆ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸಿದ್ದಾರೆ. ಅದಕ್ಕೆ ಈಗ ದಾಖಲೆ, ಕಾರಣ, ಪರಿಣಾಮ, ನಿರಾಕರಿಸುವ ಹಕ್ಕು ಎಂದು ಸೇರಿಸುತ್ತಾ ಹೋಗಿದ್ದಾರೆ. ನನ್ನ ತಕರಾರು ಇಷ್ಟೇ: ಇವೆಲ್ಲ ತಲುಪಬೇಕಾದ ಊರುಗಳ ಹೆಸರು, ದಾರಿಯನ್ನು ಯಾರೂ ಹೇಳಿಕೊಡುವುದಿಲ್ಲ. ‘ಸರಿಯಾದ ರೋಗಿ’ ಎಂದರೆ ಹಾಸಿಗೆಯ ಬಳಿ ನಿಂತು ಏನು ಮಾಡಬೇಕು?

‘ನೀವು ಲಕ್ಷ್ಮಮ್ಮ ಅಲ್ಲವೇ?’ ಎಂದು ಕೇಳಬೇಡಿ. ಕಿವಿ ಮಂದವಾದ ಅಜ್ಜಿ ಏನು ಕೇಳಿದರೂ ‘ಹೂಂ’ ಎನ್ನುತ್ತಾಳೆ. ನಿದ್ದೆಗಣ್ಣಿನವರೂ ಹಾಗೆಯೇ. ಬಿಳಿ ಬಟ್ಟೆಯ ಮುಂದೆ ಅಲ್ಲ ಎನ್ನಲು ಅಂಜುವವರೂ ಇದ್ದಾರೆ. ‘ಅಜ್ಜಿ, ನಿಮ್ಮ ಹೆಸರು ಹೇಳಿ’ ಎಂದು ಕೇಳಿ, ಅವರ ಬಾಯಿಂದಲೇ ಬರಲಿ. ನಮ್ಮ ಹೆಣ್ಣುಮಕ್ಕಳ ವಾರ್ಡಿನಲ್ಲಿ ಒಂದೇ ಹೊತ್ತಿಗೆ ಮೂವರು ಲಕ್ಷ್ಮಮ್ಮಂದಿರು ಇರುವುದು ಅಪರೂಪವಲ್ಲ, ಆದ್ದರಿಂದ ಎರಡನೆಯ ಗುರುತೂ ಬೇಕು. ಗಂಡನ ಹೆಸರು ಕೇಳಿದರೆ ಹಳೆಯ ತಲೆಮಾರಿನವರು ಹೇಳುವುದಿಲ್ಲ, ಪಕ್ಕದಲ್ಲಿರುವ ಮಗಳ ಮುಖ ನೋಡುತ್ತಾರೆ. ಊರು ಯಾವುದು ಎಂದು ಕೇಳಿ, ಸಂತೋಷವಾಗಿ ಹೇಳುತ್ತಾರೆ. ಅದನ್ನೂ ಐ.ಪಿ. (ಒಳರೋಗಿ) ನಂಬರನ್ನೂ ಕೇಸ್ ಶೀಟಿನೊಂದಿಗೆ ಹೋಲಿಸಿ. ಹಾಸಿಗೆಯ ನಂಬರ್ ಮಾತ್ರ ಗುರುತಲ್ಲ. ಫ್ಯಾನಿನ ಕೆಳಗೆ ಬೇಕೆಂದು ರೋಗಿಗಳೇ ಹಾಸಿಗೆ ಬದಲಾಯಿಸಿಕೊಂಡಿರುತ್ತಾರೆ.

‘ಸಿಸ್ಟರ್, ನಿನ್ನೆ ಕೊಟ್ಟಿದ್ದು ಕೆಂಪು ಮಾತ್ರೆ, ಇದು ಬಿಳಿ’ ಎಂದು ರೋಗಿ ಹೇಳಿದರೆ ಕೈ ಅಲ್ಲೇ ನಿಲ್ಲಲಿ. ಕಂಪನಿ ಬದಲಾಗಿ ಬಣ್ಣ ಬದಲಾಗಿರಬಹುದು. ಕಾರ್ಬಿಮಜೋಲ್ ಬರೆದದ್ದಕ್ಕೆ ಕಾರ್ಬಮಜೆಪಿನ್ ಬಂದಿರಲೂಬಹುದು. ಮೊದಲಿನದು ಥೈರಾಯ್ಡ್‌ಗೆ, ಎರಡನೆಯದು ಅಪಸ್ಮಾರಕ್ಕೆ. ಹೋಗಿ ನೋಡಿ ಬಂದು ಉತ್ತರ ಕೊಡಿ. ಬರವಣಿಗೆಯಲ್ಲೂ ಇಂಥದೇ ಹೊಂಡಗಳಿವೆ. ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ U ಎಂಬ ಒಂದೇ ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುತ್ತದೆ. ಅರ್ಧ ಮಿಲಿಗ್ರಾಂ ಬರೆಯುವಾಗ ಚುಕ್ಕಿಯ ಹಿಂದೆ ಸೊನ್ನೆ ಇಲ್ಲದಿದ್ದರೆ ಐದು ಆಗುತ್ತದೆ. ನೀವು ಚಾರ್ಟ್ ಬರೆಯುವಾಗ 0.5 ಎಂದೇ ಬರೆಯಿರಿ, ‘ಯೂನಿಟ್’ ಎಂದು ಪೂರ್ತಿ ಬರೆಯಿರಿ.

ಈಗ ಇನ್ಸುಲಿನ್. ಇದರ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನೀವು ಪ್ರತಿ ಡ್ಯೂಟಿಯಲ್ಲೂ ಕೊಡುವ ಔಷಧ ಇದು. ನಮ್ಮ ದೇಶದಲ್ಲಿ ವಯಲ್‌ನಲ್ಲಿ, ಅಂದರೆ ಪುಟ್ಟ ಸೀಸೆಯಲ್ಲಿ, ಬರುವ ಇನ್ಸುಲಿನ್ ಹೆಚ್ಚಾಗಿ ಎಂ.ಎಲ್.ಗೆ 40 ಯೂನಿಟ್‌ನದು. ಪೆನ್ನಿಗೆ ಹಾಕುವ 3 ಎಂ.ಎಲ್. ಕಾರ್ಟ್ರಿಜ್ ಎಂ.ಎಲ್.ಗೆ 100 ಯೂನಿಟ್‌ನದು. 100ರ ವಯಲ್‌ಗಳೂ ಇವೆ. ಸಿರಿಂಜ್‌ಗಳೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ವಯಲ್ಲೂ ಸಿರಿಂಜೂ ಒಂದೇ ಜಾತಿಯವಾಗಿರಬೇಕು. 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅದು ಅರ್ಧ ಎಂ.ಎಲ್. ಅದರೊಳಗೆ 100ರ ಇನ್ಸುಲಿನ್ ಇದ್ದರೆ ರೋಗಿಗೆ ಹೋದದ್ದು 20 ಅಲ್ಲ, 50 ಯೂನಿಟ್. ತಿರುಗಾಮುರುಗಾ ಆಗಿ 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಹೋಗುವುದು 8 ಯೂನಿಟ್. ಮರುದಿನ ಶುಗರ್ ಇಳಿದಿಲ್ಲವೆಂದು ಡೋಸ್ ಏರಿಸುತ್ತಾರೆ, ಸಂಜೆ ಯಾರೋ ಸರಿಯಾದ ಸಿರಿಂಜ್ ಬಳಸುತ್ತಾರೆ, ರೋಗಿ ಬೆವರಿ ಬೀಳುತ್ತಾನೆ. ಪೆನ್ ಕೆಟ್ಟಿದೆಯೆಂದು ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯುವ ಚಾಳಿ ಇದೆಯಲ್ಲ, ಅದನ್ನು ಯಾವ ಸೀನಿಯರ್ ಹೇಳಿಕೊಟ್ಟರೂ ಕಲಿಯಬೇಡಿ.

ಕೊಟ್ಟ ಮೇಲೆ? ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಗೆ ಕೆಲಸ ಶುರು ಮಾಡುತ್ತದೆ, ಎರಡರಿಂದ ನಾಲ್ಕು ಗಂಟೆಗೆ ಅದರ ಪ್ರಭಾವ ಉಚ್ಛ್ರಾಯಕ್ಕೆ ಹೋಗುತ್ತದೆ. ಆದ್ದರಿಂದ ಊಟದ ತಟ್ಟೆ ಬರುವುದು ಖಚಿತವಾದ ಮೇಲೆಯೇ ಸೂಜಿ. ‘ಊಟ ಆಗುತ್ತದಲ್ಲವೇ?’ ಎಂದು ಕೇಳಿದರೆ ಸಾಲದು, ‘ಇವತ್ತು ಏಕಾದಶಿ, ಸೋಮವಾರ ಏನಾದರೂ ಇದೆಯಾ?’ ಎಂದೂ ಕೇಳಿ. ಉಪವಾಸವನ್ನು ರೋಗಿಗಳು ತಾವಾಗಿ ಹೇಳುವುದಿಲ್ಲ, ಬೈಯುತ್ತೀರೆಂದು ಅಂಜುತ್ತಾರೆ. ನಿಧಾನವಾಗಿ ಕೆಲಸ ಮಾಡುವ, ನೋಡಲು ಮಸುಕಾದ ಎನ್‌ಪಿಎಚ್ ಇನ್ಸುಲಿನ್ ರಾತ್ರಿ ಕೊಟ್ಟರೆ ಅದರ ಪ್ರಭಾವ ಏರುವುದು ನಡುರಾತ್ರಿಯ ನಂತರ. ನೈಟ್ ಡ್ಯೂಟಿಯವರು ಮೂರು ಗಂಟೆಗೆ ಒಂದು ಸುತ್ತು ಹೋಗಿ ಹಣೆ ಮುಟ್ಟಿ ನೋಡಬೇಕಾದದ್ದು ಇದಕ್ಕೇ. ಒದ್ದೆಯಾದ ಹಣೆ, ನಡುಗುವ ಕೈ, ಸಂಬಂಧವಿಲ್ಲದ ಮಾತು ಕಂಡರೆ ಕೂಡಲೇ ಗ್ಲುಕೋಮೀಟರ್. ಶುಗರ್ 70ಕ್ಕಿಂತ ಕಡಿಮೆಯಿದ್ದು ರೋಗಿಗೆ ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ವೈದ್ಯರನ್ನು ಕರೆದು, ರಕ್ತನಾಳಕ್ಕೆ ಕೊಡುವ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್‌ಗೆ ತಯಾರಾಗಿ. ಅಂದ ಹಾಗೆ, ಮಸುಕಾದ ಇನ್ಸುಲಿನ್ ಎಂದಿಗೂ ರಕ್ತನಾಳಕ್ಕಿಲ್ಲ.

ಹೆರಿಗೆ ವಾರ್ಡಿಗೆ ಬರೋಣ. ನಿಮ್ಮಲ್ಲಿ ಬಹಳ ಮಂದಿ ತಾಲ್ಲೂಕು ಆಸ್ಪತ್ರೆಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗುವವರು. ಬಿ.ಪಿ. ಏರಿದ ಬಸುರಿಗೆ ಫಿಟ್ಸ್ ಬಂದರೆ ಕೊಡುವ ಔಷಧ ಮೆಗ್ನೀಸಿಯಂ ಸಲ್ಫೇಟ್. ಡಯಜೆಪಾಮ್ ಅಥವಾ ಫೆನಿಟಾಯಿನ್‌ಗಿಂತ ಇದೇ ಮೇಲು ಎಂಬುದು 1995ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ಖಚಿತವಾಯಿತು. ಅದರಲ್ಲಿ ಭಾರತದ ತಾಯಂದಿರೂ ಇದ್ದರು. ಇದನ್ನು ಕೊಡುವ ಕ್ರಮವೆಂದು ನೀವು ಓದುವ ಪ್ರಿಚರ್ಡ್ ವಿಧಾನಕ್ಕೆ ಆ ಹೆಸರು ಬಂದದ್ದು ಅಮೆರಿಕದ ಡಲ್ಲಾಸ್‌ನ ವೈದ್ಯ ಜ್ಯಾಕ್ ಪ್ರಿಚರ್ಡ್ ಅವರಿಂದ.

ಇಲ್ಲಿ ಕೈಯ ಕೆಲಸ ನೋಡಿ. ಆಂಪೂಲ್ (ಕತ್ತು ಒಡೆದು ತೆರೆಯುವ ಪುಟ್ಟ ಸೀಸೆ) 2 ಎಂ.ಎಲ್.ನದು, ಶೇ. 50ರ ದ್ರಾವಣ, ಅಂದರೆ ಒಂದು ಆಂಪೂಲ್‌ಗೆ 1 ಗ್ರಾಂ. ರಕ್ತನಾಳಕ್ಕೆ 4 ಗ್ರಾಂ ಬೇಕು, ಅದೂ ಶೇ. 20ರ ತೆಳುವಿನಲ್ಲಿ. ನಾಲ್ಕು ಆಂಪೂಲ್ ಒಡೆದರೆ 8 ಎಂ.ಎಲ್.; ಅದಕ್ಕೆ 12 ಎಂ.ಎಲ್. ನಾರ್ಮಲ್ ಸಲೈನ್ ಸೇರಿಸಿದರೆ 20 ಎಂ.ಎಲ್. ಗಡಿಯಾರ ನೋಡಿಕೊಂಡು, ಐದು ನಿಮಿಷಕ್ಕೆ ಕಡಿಮೆಯಾಗದಂತೆ ನಿಧಾನವಾಗಿ ಕೊಡಬೇಕು. ಆಮೇಲೆ ತೆಳು ಮಾಡದ ಔಷಧ, ಎರಡೂ ಪಿರ್ರೆಗಳಿಗೆ ತಲಾ 5 ಗ್ರಾಂ, ಅಂದರೆ ತಲಾ 10 ಎಂ.ಎಲ್., ಸ್ನಾಯುವಿನ ಆಳಕ್ಕೆ. ನೋವು ವಿಪರೀತ, ಆದ್ದರಿಂದ ಜಾಗ ಮರಗಟ್ಟಿಸುವ ಶೇ. 2ರ ಲಿಗ್ನೋಕೇನ್ 1 ಎಂ.ಎಲ್. ಸೇರಿಸುತ್ತಾರೆ. ಫಿಟ್ಸ್ ಬಂದ ಗದ್ದಲದಲ್ಲಿ, ಮನೆಯವರ ಅಳುವಿನ ನಡುವೆ ಈ ಲೆಕ್ಕವನ್ನು ಹೊಸದಾಗಿ ಮಾಡಲಾಗುವುದಿಲ್ಲ. ಲೇಬರ್ ರೂಮಿನ ಗೋಡೆಗೆ ಬರೆದು ಅಂಟಿಸಿ. ಆಂಪೂಲ್‌ಗಳು, ಸಲೈನ್, 20 ಎಂ.ಎಲ್. ಸಿರಿಂಜ್, ಕ್ಯಾಲ್ಸಿಯಂ ಗ್ಲುಕೊನೇಟ್ ಎಲ್ಲವೂ ಒಂದೇ ಡಬ್ಬಿಯಲ್ಲಿರಲಿ.

ಕ್ಯಾಲ್ಸಿಯಂ ಏಕೆ? ಮೆಗ್ನೀಸಿಯಂ ಹೊರಹೋಗುವುದು ಮೂತ್ರಪಿಂಡದ ಮೂಲಕ ಮಾತ್ರ. ಮೂತ್ರ ಕಡಿಮೆಯಾದರೆ ಅದು ರಕ್ತದಲ್ಲಿ ಏರುತ್ತದೆ. ಏರಿದಂತೆ ಮೊದಲು ಹೋಗುವುದು ಮಂಡಿಯ ಪ್ರತಿಕ್ರಿಯೆ, ಆಮೇಲೆ ಉಸಿರು, ಕೊನೆಗೆ ಹೃದಯ. ಈ ಕ್ರಮ ನಮಗೆ ದೊಡ್ಡ ಅನುಕೂಲ. ನಾಲ್ಕು ಗಂಟೆಗೊಮ್ಮೆ ಕೊಡುವ 5 ಗ್ರಾಂನ ಮುಂದಿನ ಡೋಸಿಗೆ ಮೊದಲು ಮಂಡಿಗೆ ತಟ್ಟಿ ನೋಡುತ್ತೇವೆ, ಉಸಿರು ನಿಮಿಷಕ್ಕೆ ಕನಿಷ್ಠ 16 ಇದೆಯೇ ಎಂದು ಎಣಿಸುತ್ತೇವೆ, ಮೂತ್ರ ಗಂಟೆಗೆ ಕನಿಷ್ಠ 30 ಎಂ.ಎಲ್. ಬಂದಿದೆಯೇ ಎಂದು ಚೀಲ ನೋಡುತ್ತೇವೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಡೋಸ್ ಕೊಡದೆ ವೈದ್ಯರನ್ನು ಕರೆಯಬೇಕು. ಉಸಿರೇ ಕುಗ್ಗಿದರೆ ಉಸಿರಾಟಕ್ಕೆ ಆಸರೆ ಕೊಡುತ್ತಾ, ಮೆಗ್ನೀಸಿಯಂನ ಮಾರುಮದ್ದಾದ ಶೇ. 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಎಂ.ಎಲ್. ನಿಧಾನವಾಗಿ ರಕ್ತನಾಳಕ್ಕೆ. ಮೂತ್ರದ ಚೀಲ ಖಾಲಿ ಮಾಡಿ ಅಳತೆ ಬರೆಯುವುದು ಆಯಾಳ ಕೆಲಸ ಎಂದು ಕೆಲವರು ತಿಳಿದಿದ್ದಾರೆ. ಆ ಅಳತೆ ಇಲ್ಲದೆ ನಿಮಗೆ ಮುಂದಿನ ಸೂಜಿ ಎತ್ತುವ ಅಧಿಕಾರವೇ ಇಲ್ಲ.

ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದವರಿಗೆ ಕೊಡುವ ಪೊಟ್ಯಾಸಿಯಂ ಕ್ಲೋರೈಡ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಆದರೆ ಬರೆದುಕೊಳ್ಳಿ. 10 ಎಂ.ಎಲ್. ಆಂಪೂಲ್‌ನಲ್ಲಿ 20 ಮಿಲಿ ಇಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯುವ ಮಾನ). ನೋಡಲು ಡಿಸ್ಟಿಲ್ಡ್ ವಾಟರ್ ಆಂಪೂಲ್‌ನಂತೆಯೇ. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಅದನ್ನು ಬೇರೆ ಕಪಾಟಿನಲ್ಲಿ, ಬೇರೆ ಲೇಬಲ್ ಹಾಕಿ ಇಡಬೇಕು. 500 ಎಂ.ಎಲ್. ಸಲೈನ್‌ಗೆ ಒಂದು ಆಂಪೂಲ್ ಸೇರಿಸಿ ನಾಲ್ಕು ಗಂಟೆ ಓಡಿಸಿದರೆ ಗಂಟೆಗೆ 5 ಮಿಲಿ ಇಕ್ವಿವಲೆಂಟ್. ವಾರ್ಡಿನಲ್ಲಿ ಗಂಟೆಗೆ 10 ದಾಟುವಂತಿಲ್ಲ. ಎಂ.ಎಲ್.ಗೆ 20 ಹನಿ ಬೀಳುವ ಸೆಟ್‌ನಲ್ಲಿ, ನಾಲ್ಕು ಗಂಟೆಯ ಆ ಡ್ರಿಪ್ ನಿಮಿಷಕ್ಕೆ 42 ಹನಿ. ನೇತಾಡುತ್ತಿರುವ ಬಾಟಲಿಗೆ ಕೆಳಗಿನಿಂದ ಚುಚ್ಚಿ ಸುಮ್ಮನಾಗಬೇಡಿ. ಪೊಟ್ಯಾಸಿಯಂ ತಳದಲ್ಲೇ ನಿಂತು ಒಟ್ಟಾಗಿ ಇಳಿಯುತ್ತದೆ. ಬಾಟಲಿಯನ್ನು ಕೆಳಗಿಳಿಸಿ, ಔಷಧ ಸೇರಿಸಿ, ಹಲವು ಸಲ ಮೇಲೆ ಕೆಳಗೆ ಮಾಡಿ, ಆಮೇಲೆ ತೂಗುಹಾಕಿ. ಜೊತೆಯಲ್ಲಿರುವವರಿಗೂ ಹೇಳಿ, ಅವರಿಗೆ ಎಲ್ಲಾ ಡ್ರಿಪ್ಪೂ ‘ಗ್ಲೂಕೋಸ್’. ಕತ್ತಲಾಗುವ ಮುಂಚೆ ಮುಗಿಯಲಿ ಎಂದು ಚಕ್ರ ತಿರುಗಿಸಿಬಿಡುತ್ತಾರೆ.

ಮೂಗಿನ ಟ್ಯೂಬಿನಲ್ಲಿ ಕೊಡಲು ಮಾತ್ರೆ ಕುಟ್ಟುವ ಮುನ್ನ ಹೆಸರಿನ ಕೊನೆ ನೋಡಿ. ಎಸ್.ಆರ್., ಸಿ.ಆರ್., ಎಕ್ಸ್.ಎಲ್. ಎಂದಿದ್ದರೆ ಅದು ಇಡೀ ದಿನ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಕುಟ್ಟಿದರೆ ಅಷ್ಟೂ ಒಂದೇ ಏಟಿಗೆ. ಬೇರೆ ರೂಪ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ.

ಅಲರ್ಜಿಯ ವಿಷಯದಲ್ಲಿ ನಮ್ಮ ವಾರ್ಡುಗಳ ಒಂದು ಹಳೆಯ ಅಭ್ಯಾಸ ನನಗೆ ಸಿಟ್ಟು ತರಿಸುತ್ತದೆ. ಆಂಟಿಬಯಾಟಿಕ್ ಹೋದ ಕೂಡಲೇ ರೋಗಿಗೆ ಮೈಯೆಲ್ಲ ದದ್ದು, ಗಂಟಲು ಬಿಗಿತ, ಬಿ.ಪಿ. ಇಳಿತ. ಎಲ್ಲರೂ ಓಡುವುದು ಏವಿಲ್ (ಅಲರ್ಜಿ ತಗ್ಗಿಸುವ ಇಂಜೆಕ್ಷನ್) ಮತ್ತು ಸ್ಟೀರಾಯ್ಡ್ ಕಡೆಗೆ. ಜೀವ ಉಳಿಸುವುದು ಅಡ್ರಿನಲಿನ್: ವಯಸ್ಕರಿಗೆ ಒಂದಕ್ಕೆ ಸಾವಿರದ ದ್ರಾವಣ ಅರ್ಧ ಎಂ.ಎಲ್., ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಐದು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ. ಮಿಕ್ಕವು ಆಮೇಲೆ. ಚರ್ಮದ ಟೆಸ್ಟ್ ಡೋಸ್‌ನಲ್ಲಿ ಏನೂ ಆಗಲಿಲ್ಲ ಎಂಬುದು ಭರವಸೆಯಲ್ಲ. ಮೊದಲ ಡೋಸ್ ಕೊಟ್ಟು ಮುಂದಿನ ಹಾಸಿಗೆಗೆ ಓಡಬೇಡಿ, ಅಲ್ಲೇ ನಿಂತಿರಿ. ನಡೆದದ್ದನ್ನು ಕೇಸ್ ಶೀಟಿನಲ್ಲಿ ಬರೆದು, ಔಷಧ ಅಡ್ಡಪರಿಣಾಮದ ಫಾರ್ಮನ್ನೂ ತುಂಬಿ. 2010ರಲ್ಲಿ ಆರಂಭವಾದ ಭಾರತದ ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ) ಕಾರ್ಯಕ್ರಮಕ್ಕೆ ವೈದ್ಯರಂತೆ ನರ್ಸ್‌ಗಳೂ ವರದಿ ಮಾಡಬಹುದು. ಗಾಜಿಯಾಬಾದಿನ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ಅನುಮಾನವಿದ್ದರೆ ಸಾಕು, ಸಾಬೀತು ಮಾಡುವ ಹೊಣೆ ನಿಮ್ಮದಲ್ಲ.

ಡಿಸ್‌ಚಾರ್ಜ್ ದಿನದ ಒಂದು ಔಷಧ ಮಾತ್ರ ಹೇಳುತ್ತೇನೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಅಸ್ಥಿಮಜ್ಜೆ ಸೋತು, ಪ್ರಾಣವೇ ಹೋಗಬಹುದು. ಜೊತೆಗೆ ಫೋಲಿಕ್ ಆ್ಯಸಿಡ್ ಬೇರೆ ದಿನ. ಎರಡೂ ಸಾಮಾನ್ಯವಾಗಿ ಹಳದಿ ಬಣ್ಣದ ಪುಟ್ಟ ಮಾತ್ರೆಗಳು. ‘ವಾರಕ್ಕೊಮ್ಮೆ’ ಎಂದು ಹೇಳಿ ಕಳಿಸಬೇಡಿ. ವಾರದ ಹೆಸರನ್ನೇ ಕನ್ನಡದಲ್ಲಿ ಸ್ಟ್ರಿಪ್ ಮೇಲೆ ಬರೆಯಿರಿ, ಮನೆಯಲ್ಲಿ ಮಾತ್ರೆ ಕೊಡುವ ಸೊಸೆಯನ್ನೋ ಮಗನನ್ನೋ ಕರೆದು ‘ಯಾವತ್ತು ಕೊಡುತ್ತೀರಿ, ಹೇಳಿ ನೋಡೋಣ’ ಎಂದು ಅವರಿಂದಲೇ ಹೇಳಿಸಿ.

ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಡೋಸ್ ತಪ್ಪೆನಿಸಿದರೆ ವೈದ್ಯರಿಗೆ ಹೇಳುವುದು ಹೇಗೆ, ವಿದ್ಯಾರ್ಥಿಯ ಮಾತನ್ನು ಯಾರು ಕೇಳುತ್ತಾರೆ? ‘ಸರ್, ಇದು ತಪ್ಪಲ್ಲವೇ’ ಎಂದು ಶುರು ಮಾಡಿದರೆ ಅಲ್ಲಿಗೆ ಮಾತು ಮುಗಿಯುತ್ತದೆ. ರೋಗಿಯಿಂದ ಶುರು ಮಾಡಿ. ‘ಸರ್, ಎಂಟನೇ ಹಾಸಿಗೆಯ ಅಜ್ಜನಿಗೆ ಡಿಜಾಕ್ಸಿನ್ ಇದೆ, ಬಡಿತ ಈಗ 52, ಬೆಳಗ್ಗೆಯಿಂದ ಎರಡು ಸಲ ವಾಂತಿ. ಕೊಡಲೇ, ನಿಲ್ಲಿಸಲೇ?’ ಈ ಪ್ರಶ್ನೆಗೆ ಸಿಡುಕುವವರು ಕಡಿಮೆ. ಕೊಡು ಎಂದೇ ಅಂದರೆ, ನಿಮ್ಮ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ, ಅವರು ಮುಂದಿನವರೊಂದಿಗೆ ಮಾತಾಡುವವರೆಗೆ ಮಾತ್ರೆ ಟ್ರೇಯಲ್ಲೇ ಇರಲಿ. ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದಿರಿ, ಏನು ಉತ್ತರ ಬಂತು ಎಂಬುದನ್ನು ನರ್ಸಸ್ ನೋಟ್ಸ್‌ನಲ್ಲಿ ಆಗಲೇ ಬರೆದು ಸಹಿ ಹಾಕಿಸಿಕೊಳ್ಳಿ.